ಬ್ಯಾಡ್ಮಿಂಟನ್ ರಾಕೆಟ್ ಆಯ್ಕೆ

ಬ್ಯಾಡ್ಮಿಂಟನ್ ರಾಕೆಟ್ ಆಯ್ಕೆ ಎಂದರೆ ಆಟಗಾರರ ದೇಹಬಲ, ಆಟದ ಮಟ್ಟ ಮತ್ತು ಆಡುವ ವಿಭಾಗಕ್ಕೆ ಹೊಂದುವಂತೆ ರಾಕೆಟ್‌ನ ತೂಕ, ಸಮತೋಲನ, ಶಾಫ್ಟ್‌ನ ಗಡಸುತನ, ಹಿಡಿಕೆಯ ಗಾತ್ರ ಹಾಗೂ ತಂತಿಯ ಬಿಗಿಯನ್ನು ನಿರ್ಧರಿಸುವ ಕ್ರಮ. ಆಡುಮಾತಿನಲ್ಲಿ 'ಶಟಲ್ ಬ್ಯಾಟ್' ಎಂದು ಕರೆಯಲಾಗುವ ಈ ಸಾಧನಕ್ಕೆ ಸಿಂಗಲ್ಸ್ ಮತ್ತು ಡಬಲ್ಸ್ ಎಂಬ ಎರಡು ಪ್ರತ್ಯೇಕ ವರ್ಗಗಳು ಆಟದ ನಿಯಮಗಳಲ್ಲಿ ಇಲ್ಲ. ಆದರೆ ಎರಡೂ ವಿಭಾಗಗಳು ರಾಕೆಟ್‌ನಿಂದ ಬಯಸುವ ಗುಣಗಳು ಬೇರೆ ಬೇರೆಯಾಗಿರುವುದರಿಂದ ತಯಾರಕರು ಅನೇಕ ಮಾದರಿಗಳನ್ನು ರೂಪಿಸಿದ್ದಾರೆ. ವೃತ್ತಿಪರ ಆಟಗಾರರು ಸಾಮಾನ್ಯವಾಗಿ ಒಂದು ವಿಭಾಗಕ್ಕೆ ಸೀಮಿತರಾಗಿರುತ್ತಾರೆ. ಶಾಲೆ, ಕಾಲೇಜು ಮತ್ತು ಕ್ಲಬ್ ಮಟ್ಟದಲ್ಲಿ ಒಬ್ಬರೇ ಎರಡನ್ನೂ ಒಂದೇ ರಾಕೆಟ್‌ನಿಂದ ಆಡುವುದು ವಾಡಿಕೆ. ಅಂಥವರಿಗೆ ಮಧ್ಯಮ ಗುಣಗಳ ರಾಕೆಟ್ ಆರಿಸಿ, ತಂತಿ, ಹಿಡಿಕೆ ಮತ್ತು ಕೈಯ ಸ್ಥಾನದ ಮೂಲಕ ಅದನ್ನು ಹೊಂದಿಸಿಕೊಳ್ಳುವುದು ಸೂಕ್ತ ಮಾರ್ಗವಾಗಿದೆ.

## ನಿಯಮಗಳು

ಬ್ಯಾಡ್ಮಿಂಟನ್ ವಿಶ್ವ ಒಕ್ಕೂಟದ ನಿಯಮಗಳ ಪ್ರಕಾರ ರಾಕೆಟ್‌ನ ಒಟ್ಟು ಉದ್ದ 680 ಮಿಲಿಮೀಟರ್ ಹಾಗೂ ಒಟ್ಟು ಅಗಲ 230 ಮಿಲಿಮೀಟರ್ ಮೀರುವಂತಿಲ್ಲ. ತಂತಿ ಹೆಣೆದ ಭಾಗವು 280 ಮಿಲಿಮೀಟರ್ ಉದ್ದ ಮತ್ತು 220 ಮಿಲಿಮೀಟರ್ ಅಗಲದ ಮಿತಿಯಲ್ಲಿರಬೇಕು ಹಾಗೂ ಸಮತಟ್ಟಾಗಿರಬೇಕು. ತಂತಿಗಳು ಶಾಫ್ಟ್ ಸೇರುವ ಕುತ್ತಿಗೆಯ ಭಾಗಕ್ಕೂ ಚಾಚಿಕೊಂಡಿದ್ದರೆ, ಆ ಚಾಚಿದ ಭಾಗದ ಅಗಲ 35 ಮಿಲಿಮೀಟರ್ ಮತ್ತು ಹೆಣೆದ ಭಾಗದ ಒಟ್ಟು ಉದ್ದ 330 ಮಿಲಿಮೀಟರ್ ಮೀರಬಾರದು.

ಸವೆತ ಅಥವಾ ಕಂಪನವನ್ನು ತಡೆಯಲು, ತೂಕವನ್ನು ಹಂಚಲು ಅಥವಾ ಹಿಡಿಕೆಯನ್ನು ದಾರದಿಂದ ಕೈಗೆ ಕಟ್ಟಿಕೊಳ್ಳಲು ಬಳಸುವ ವಸ್ತುಗಳ ಹೊರತಾಗಿ ಬೇರೇನನ್ನೂ ರಾಕೆಟ್‌ಗೆ ಅಂಟಿಸುವಂತಿಲ್ಲ. ಆಟಗಾರರು ತಮ್ಮ ರಾಕೆಟ್‌ನ ಆಕಾರವನ್ನು ಗಣನೀಯವಾಗಿ ಬದಲಿಸಲು ಅನುವಾಗುವ ಸಾಧನಗಳಿಗೂ ಅವಕಾಶವಿಲ್ಲ.

ತೂಕ, ಸಮತೋಲನ, ಶಾಫ್ಟ್‌ನ ಗಡಸುತನ ಮತ್ತು ತಂತಿಯ ಬಿಗಿಗೆ ನಿಯಮಗಳು ಯಾವುದೇ ಮಿತಿಯನ್ನು ವಿಧಿಸುವುದಿಲ್ಲ. ಮಾರುಕಟ್ಟೆಯಲ್ಲಿ ಕಾಣುವ ವೈವಿಧ್ಯವೆಲ್ಲವೂ ಬಹುಮಟ್ಟಿಗೆ ಈ ನಾಲ್ಕು ಅಂಶಗಳಿಂದ ಹುಟ್ಟಿದುದು.

## ರಾಕೆಟ್‌ನ ಬೆಳವಣಿಗೆ

ಬ್ಯಾಡ್ಮಿಂಟನ್ ಆಟದ ಆಧುನಿಕ ರೂಪವು 19ನೆಯ ಶತಮಾನದಲ್ಲಿ ಬ್ರಿಟಿಷ್ ಆಡಳಿತದ ಭಾರತದಲ್ಲಿ, ಮುಖ್ಯವಾಗಿ ಪುಣೆಯ ಸೇನಾ ನೆಲೆಯಲ್ಲಿ, ಮತ್ತು ಇಂಗ್ಲೆಂಡಿನಲ್ಲಿ ಬೆಳೆಯಿತು. ಆಗಿನ ರಾಕೆಟ್‌ಗಳ ಚೌಕಟ್ಟು ಮತ್ತು ದಂಡ ಎರಡೂ ಮರದವು. ತಂತಿಗೆ ಪ್ರಾಣಿಗಳ ಕರುಳಿನಿಂದ ತಯಾರಿಸಿದ ಎಳೆಯನ್ನು ಬಳಸುತ್ತಿದ್ದರು. ಆ ಎಳೆಗೆ ಇಂಗ್ಲಿಷಿನಲ್ಲಿ 'ಗಟ್' ಎಂಬ ಹೆಸರಿದೆ. ನೈಲಾನ್ ತಂತಿ ಬಂದ ಮೇಲೂ ತಂತಿ ಹೆಣೆಯುವ ಕೆಲಸವನ್ನು ಕ್ರೀಡಾ ಸಾಮಗ್ರಿಗಳ ಅಂಗಡಿಗಳಲ್ಲಿ 'ಗಟ್ಟಿಂಗ್' ಎಂದೇ ಕರೆಯಲಾಗುತ್ತದೆ.

ಮರದ ನಂತರ ಉಕ್ಕಿನ ಶಾಫ್ಟ್, ಅಲ್ಯೂಮಿನಿಯಂ ಚೌಕಟ್ಟು ಹಾಗೂ ಅಂತಿಮವಾಗಿ ಕಾರ್ಬನ್ ನಾರಿನ ರಾಕೆಟ್‌ಗಳು ಬಳಕೆಗೆ ಬಂದವು. ನೂರು ಗ್ರಾಮಿಗೂ ಹೆಚ್ಚು ತೂಗುತ್ತಿದ್ದ ರಾಕೆಟ್ ಕ್ರಮೇಣ 80–90 ಗ್ರಾಮಿಗೆ ಇಳಿಯಿತು. ತೂಕವನ್ನು ಎಲ್ಲಿ ಹೆಚ್ಚಿಸಬೇಕು, ಎಲ್ಲಿ ತಗ್ಗಿಸಬೇಕು ಎಂಬುದನ್ನು ತಯಾರಕರು ಬೇಕಾದಂತೆ ನಿಯಂತ್ರಿಸಲು ಕಾರ್ಬನ್ ನಾರು ಅನುವು ಮಾಡಿಕೊಟ್ಟಿತು. 'ಡಬಲ್ಸ್ ರಾಕೆಟ್', 'ಆಕ್ರಮಣದ ರಾಕೆಟ್' ಮುಂತಾದ ವಿಂಗಡಣೆಗಳು ಬಲಗೊಂಡದ್ದು ಈ ಬದಲಾವಣೆಯ ಬಳಿಕ.

## ಎರಡು ವಿಭಾಗಗಳ ಬೇಡಿಕೆ

### ಸಿಂಗಲ್ಸ್

ಸಿಂಗಲ್ಸ್ ಅಂಕಣದ ಉದ್ದ 13.40 ಮೀಟರ್ ಮತ್ತು ಅಗಲ 5.18 ಮೀಟರ್. ಪ್ರತಿ ಆಟಗಾರರೂ ತಮ್ಮ ಪಾಲಿನ ಸುಮಾರು 34.7 ಚದರ ಮೀಟರ್ ಜಾಗವನ್ನು ಒಬ್ಬರೇ ಕಾಯಬೇಕು. ಹಿಂಬದಿ ಗೆರೆಯಿಂದ ಎದುರಾಳಿಯ ಹಿಂಬದಿ ಗೆರೆಯವರೆಗೆ ಎತ್ತರದ ಕ್ಲಿಯರ್ ಹೊಡೆಯುವುದು, ಅದೇ ಭಂಗಿಯಿಂದ ಡ್ರಾಪ್ ಮಾಡಿ ವಂಚಿಸುವುದು ಮತ್ತು ನೆಟ್ ಬಳಿ ಶಟಲ್ ಅನ್ನು ನಯವಾಗಿ ಉರುಳಿಸುವುದು ಇಲ್ಲಿ ಪದೇ ಪದೇ ಎದುರಾಗುವ ಹೊಡೆತಗಳು. ಎರಡು ಹೊಡೆತಗಳ ನಡುವೆ ಕೈಯನ್ನು ಪೂರ್ಣವಾಗಿ ಹಿಂದಕ್ಕೆ ಎಳೆದು ಬೀಸಲು ಡಬಲ್ಸ್‌ಗಿಂತ ಹೆಚ್ಚು ಕಾಲಾವಕಾಶ ಸಿಗುತ್ತದೆ. ಆದ್ದರಿಂದ ತಲೆಭಾಗದಲ್ಲಿ ಸ್ವಲ್ಪ ತೂಕವಿರುವ ರಾಕೆಟ್ ಶಟಲ್ ಅನ್ನು ದೂರ ಕಳುಹಿಸಲು ನೆರವಾಗುತ್ತದೆ. ಆದರೆ ಪಂದ್ಯ ಒಂದು ಗಂಟೆ ದಾಟಿದಾಗ ಅದೇ ತೂಕ ಭುಜಕ್ಕೆ ಹೊರೆಯಾಗಬಹುದು.

### ಡಬಲ್ಸ್

ಡಬಲ್ಸ್ ಅಂಕಣದ ಅಗಲ 6.10 ಮೀಟರ್. ಒಂದು ಬದಿಯ ಸುಮಾರು 40.9 ಚದರ ಮೀಟರ್ ಜಾಗವನ್ನು ಇಬ್ಬರು ಹಂಚಿಕೊಳ್ಳುವುದರಿಂದ ತಲಾ ಸುಮಾರು 20.4 ಚದರ ಮೀಟರ್ ಬರುತ್ತದೆ. ಖಾಲಿ ಜಾಗ ಕಡಿಮೆಯಾದಂತೆ ಶಟಲ್ ಅನ್ನು ಎತ್ತರಕ್ಕೆ ಕಳುಹಿಸುವುದು ಅಪಾಯಕರವಾಗುತ್ತದೆ. ಆಟವು ನೆಟ್‌ನ ಮೇಲ್ಭಾಗಕ್ಕೆ ಸಮಾನಾಂತರವಾಗಿ ಸಾಗುವ ಡ್ರೈವ್‌ಗಳು, ದೇಹದತ್ತ ಬರುವ ಸ್ಮ್ಯಾಷ್‌ಗಳು ಮತ್ತು ಚಿಕ್ಕ ಸರ್ವ್‌ಗಳ ಸುತ್ತ ನಡೆಯುತ್ತದೆ. ಇಲ್ಲಿ ರಾಕೆಟ್ ಅನ್ನು ಬೀಸುವುದಕ್ಕಿಂತ ತಟ್ಟುವುದೇ ಹೆಚ್ಚು. ಒಂದು ಹೊಡೆತ ಮುಗಿದೊಡನೆ ರಾಕೆಟ್ ಮತ್ತೆ ಎದೆಯ ಮುಂದೆ ಸಿದ್ಧವಾಗಿರಬೇಕು. ಹಗುರವಾಗಿ ತಿರುಗುವ ರಾಕೆಟ್ ಡಬಲ್ಸ್‌ಗೆ ಅನುಕೂಲ ಎಂಬ ಅಭಿಪ್ರಾಯಕ್ಕೆ ಕಾರಣ ಇದೇ.

ಡಬಲ್ಸ್‌ನಲ್ಲಿಯೂ ಸ್ಥಾನಕ್ಕೆ ತಕ್ಕಂತೆ ಬೇಡಿಕೆ ಬದಲಾಗುತ್ತದೆ. ನೆಟ್ ಬಳಿ ನಿಲ್ಲುವವರಿಗೆ ಚುರುಕು ಮುಖ್ಯ, ಹಿಂದೆ ನಿಂತು ಸ್ಮ್ಯಾಷ್ ಮಾಡುವವರಿಗೆ ಬಲ ಮುಖ್ಯ. ಮಿಶ್ರ ಡಬಲ್ಸ್‌ನಲ್ಲಿ ಈ ಹಂಚಿಕೆ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ.

## ಆಯ್ಕೆಯ ಅಂಶಗಳು

### ತೂಕ

ತಂತಿ ಹಾಕದ ರಾಕೆಟ್‌ನ ತೂಕವನ್ನು ಸೂಚಿಸಲು ಜಪಾನಿನ ಯೋನೆಕ್ಸ್ ಸಂಸ್ಥೆ ಬಳಸುವ 'ಯು' ಸಂಕೇತ ವ್ಯಾಪಕವಾಗಿ ಪರಿಚಿತವಾಗಿದೆ. ಅಂಕಿ ಹೆಚ್ಚಾದಂತೆ ತೂಕ ಕಡಿಮೆಯಾಗುತ್ತದೆ.

- 2ಯು: 90ರಿಂದ 94 ಗ್ರಾಂ
- 3ಯು: 85ರಿಂದ 89 ಗ್ರಾಂ
- 4ಯು: 80ರಿಂದ 84 ಗ್ರಾಂ
- 5ಯು: 75ರಿಂದ 79 ಗ್ರಾಂ

ಒಂದೇ ಹೆಸರಿನ ಮಾದರಿಯು 3ಯು ಮತ್ತು 4ಯು ಎರಡರಲ್ಲಿಯೂ ದೊರೆಯಬಹುದು. ಆದ್ದರಿಂದ ಕೊಳ್ಳುವಾಗ ಮಾದರಿಯ ಹೆಸರಿನೊಂದಿಗೆ ಸಂಕೇತವನ್ನೂ ಪರಿಶೀಲಿಸಬೇಕು. ಇದನ್ನು ಸಾಮಾನ್ಯವಾಗಿ ಹಿಡಿಕೆ ಮತ್ತು ಶಾಫ್ಟ್ ಸೇರುವ ಶಂಕುವಿನಾಕಾರದ ಭಾಗದ ಮೇಲೆ ಮುದ್ರಿಸಿರುತ್ತಾರೆ. ಎರಡೂ ವಿಭಾಗಗಳಲ್ಲಿ ಆಡುವ ಹೆಚ್ಚಿನ ವಯಸ್ಕರಿಗೆ 4ಯು ನಿಭಾಯಿಸಲು ಸುಲಭ. ಬಲಿಷ್ಠ ಭುಜವುಳ್ಳ, ನಿಯಮಿತವಾಗಿ ಅಭ್ಯಾಸ ಮಾಡುವ ಆಟಗಾರರು 3ಯು ಆರಿಸಿಕೊಳ್ಳಬಹುದು. ಬೆಳೆಯುವ ವಯಸ್ಸಿನ ಮಕ್ಕಳಿಗೆ 5ಯು ಅಥವಾ ಅದಕ್ಕಿಂತ ಹಗುರವಾದುದು ಸೂಕ್ತ.

### ಸಮತೋಲನ

ರಾಕೆಟ್ ಅನ್ನು ಒಂದು ಬೆರಳಿನ ಮೇಲೆ ಅಡ್ಡಲಾಗಿ ಇಟ್ಟಾಗ ಎರಡೂ ಕಡೆ ಬಾಗದೆ ನಿಲ್ಲುವ ಸ್ಥಳ ಅದರ ಸಮತೋಲನ ಬಿಂದು. ಹಿಡಿಕೆಯ ತುದಿಯಿಂದ ಈ ಬಿಂದುವಿಗಿರುವ ದೂರವನ್ನು ಮಿಲಿಮೀಟರ್‌ಗಳಲ್ಲಿ ಹೇಳುತ್ತಾರೆ. ಸ್ಥೂಲವಾಗಿ 285 ಮಿಲಿಮೀಟರ್‌ಗಿಂತ ಕಡಿಮೆಯಿದ್ದರೆ ತಲೆಹಗುರ ಅಥವಾ 'ಹೆಡ್ ಲೈಟ್', 285ರಿಂದ 295ರ ನಡುವೆ ಇದ್ದರೆ ಸಮತೂಕ ಅಥವಾ 'ಈವನ್ ಬ್ಯಾಲೆನ್ಸ್', ಅದಕ್ಕಿಂತ ಹೆಚ್ಚಿದ್ದರೆ ತಲೆಭಾರ ಅಥವಾ 'ಹೆಡ್ ಹೆವಿ' ಎಂದು ಪರಿಗಣಿಸಲಾಗುತ್ತದೆ. ಈ ಗಡಿಗಳು ರೂಢಿಯಿಂದ ಬಂದವು, ನಿಯಮದಿಂದಲ್ಲ.

ಯೋನೆಕ್ಸ್ ಸಂಸ್ಥೆಯ ಆಸ್ಟ್ರಾಕ್ಸ್ ಸರಣಿಯು ತಲೆಭಾರದ, ನ್ಯಾನೋಫ್ಲೇರ್ ಸರಣಿಯು ತಲೆಹಗುರದ ಮತ್ತು ಆರ್ಕ್‌ಸೇಬರ್ ಸರಣಿಯು ಸಮತೂಕದ ರಾಕೆಟ್‌ಗಳಿಗೆ ಉದಾಹರಣೆ. ವಿಕ್ಟರ್ ಸಂಸ್ಥೆಯ ಥ್ರಸ್ಟರ್ ಮತ್ತು ಔರಾಸ್ಪೀಡ್ ಸರಣಿಗಳಲ್ಲಿ ಮೊದಲನೆಯದು ಬಲಕ್ಕೆ, ಎರಡನೆಯದು ವೇಗಕ್ಕೆ ಒತ್ತು ನೀಡುತ್ತದೆ.

ಎರಡು ರಾಕೆಟ್‌ಗಳ ಸಮತೋಲನವನ್ನು ಹೋಲಿಸುವಾಗ ಎರಡೂ ಒಂದೇ ಸ್ಥಿತಿಯಲ್ಲಿರಬೇಕು. ಹೆಣೆದ ತಂತಿಯ ತೂಕ ಸುಮಾರು 4 ಗ್ರಾಂ. ಅದು ಹಿಡಿಕೆಯ ತುದಿಯಿಂದ ಸುಮಾರು 540 ಮಿಲಿಮೀಟರ್ ದೂರದಲ್ಲಿ ಕೇಂದ್ರಿತವಾಗಿರುತ್ತದೆ. 85 ಗ್ರಾಂ ತೂಕ ಮತ್ತು 295 ಮಿಲಿಮೀಟರ್ ಸಮತೋಲನವಿರುವ ರಾಕೆಟ್‌ಗೆ ತಂತಿ ಹಾಕಿದರೆ ಬಿಂದುವು ಸುಮಾರು 306 ಮಿಲಿಮೀಟರ್‌ಗೆ ಸರಿಯುತ್ತದೆ. ತಂತಿ ಹಾಕಿದ ಒಂದನ್ನು ಹಾಕದ ಇನ್ನೊಂದರ ಜೊತೆ ಹೋಲಿಸಿದರೆ ಸಮತೂಕದ ರಾಕೆಟ್ ಕೂಡ ತಲೆಭಾರವೆಂದು ತೋರುತ್ತದೆ.

### ಬೀಸುಭಾರ

ಕೈಗೆ ನಿಜವಾಗಿ ಅನುಭವಕ್ಕೆ ಬರುವುದು ರಾಕೆಟ್ ಅನ್ನು ತಿರುಗಿಸುವಾಗ ಎದುರಾಗುವ ತಡೆ. ಇದನ್ನು 'ಸ್ವಿಂಗ್ ವೇಟ್' ಅಥವಾ ಬೀಸುಭಾರ ಎನ್ನಬಹುದು. ಒಂದು ತೂಕವು ಅಕ್ಷದಿಂದ ದೂರವಾದಂತೆ ಬೀಸುಭಾರವು ದೂರದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಹಿಡಿಕೆಯ ತುದಿಯನ್ನು ಅಕ್ಷವೆಂದು ಭಾವಿಸಿದರೆ, 54 ಸೆಂಟಿಮೀಟರ್ ದೂರದಲ್ಲಿರುವ ತಲೆಭಾಗಕ್ಕೆ ಸೇರಿಸಿದ 1 ಗ್ರಾಂ, 9 ಸೆಂಟಿಮೀಟರ್ ದೂರದಲ್ಲಿರುವ ಹಿಡಿಕೆಗೆ ಸೇರಿಸಿದ 1 ಗ್ರಾಮಿಗಿಂತ 36 ಪಟ್ಟು ಹೆಚ್ಚು ಬೀಸುಭಾರ ಉಂಟುಮಾಡುತ್ತದೆ.

ಇದರಿಂದ ಒಂದು ಮುಖ್ಯ ಸಂಗತಿ ತಿಳಿಯುತ್ತದೆ. 85 ಗ್ರಾಂ ತೂಕದ, 295 ಮಿಲಿಮೀಟರ್ ಸಮತೋಲನದ ರಾಕೆಟ್‌ನ ಹಿಡಿಕೆಗೆ 5 ಗ್ರಾಮಿನ ಓವರ್‌ಗ್ರಿಪ್ ಸುತ್ತಿದರೆ ಸಮತೋಲನ ಬಿಂದು ಸುಮಾರು 284 ಮಿಲಿಮೀಟರ್‌ಗೆ ಇಳಿಯುತ್ತದೆ. ಅಂಕಿಯ ಪ್ರಕಾರ ರಾಕೆಟ್ ತಲೆಹಗುರವಾಯಿತು. ಆದರೆ ತಲೆಭಾಗದಲ್ಲಿದ್ದ ತೂಕ ಅಲ್ಲಿಯೇ ಉಳಿದಿರುವುದರಿಂದ ಬೀಸುವಾಗ ಅದು ಮೊದಲಿಗಿಂತ ವೇಗವಾಗುವುದಿಲ್ಲ. ಸಮತೋಲನದ ಅಂಕಿಯೊಂದನ್ನೇ ನೋಡಿ ರಾಕೆಟ್‌ನ ಚುರುಕನ್ನು ಅಳೆಯಲಾಗದು. ತೂಕ ಮತ್ತು ಸಮತೋಲನ ಎರಡನ್ನೂ ಒಟ್ಟಿಗೆ ಗಮನಿಸಬೇಕು.

### ಶಾಫ್ಟ್‌ನ ಗಡಸುತನ

ಬೀಸುವಾಗ ಶಾಫ್ಟ್ ಹಿಂದಕ್ಕೆ ಬಾಗಿ ಮತ್ತೆ ನೇರವಾಗುತ್ತದೆ. ವೇಗವಾಗಿ ಮತ್ತು ಸರಿಯಾದ ಸಮಯಕ್ಕೆ ಬೀಸಬಲ್ಲವರಿಗೆ ಗಡಸು ಶಾಫ್ಟ್ ನಿಖರತೆ ನೀಡುತ್ತದೆ. ನಿಧಾನವಾಗಿ ಬೀಸುವವರು ಅದನ್ನು ಬಾಗಿಸಲಾರರು. ಅವರ ಹೊಡೆತ ಹಿಂಬದಿ ಗೆರೆ ತಲುಪದೆ ಅಂಕಣದ ನಡುವೆಯೇ ಬೀಳುತ್ತದೆ. ಬಳುಕುವ ಶಾಫ್ಟ್ ಕಡಿಮೆ ಶ್ರಮದಲ್ಲಿ ದೂರ ಕೊಡುತ್ತದೆ, ಆದರೆ ವೇಗದ ಡ್ರೈವ್‌ಗಳಲ್ಲಿ ಶಟಲ್‌ನ ದಿಕ್ಕು ತುಸು ಅಸ್ಥಿರವಾಗುತ್ತದೆ. ಎರಡೂ ವಿಭಾಗಗಳಲ್ಲಿ ಆಡುವವರಿಗೆ ಮಧ್ಯಮ ಗಡಸುತನ ಹೊಂದುತ್ತದೆ. ಗಡಸುತನವನ್ನು ಅಳೆಯುವ ಏಕರೂಪದ ಮಾನದಂಡವಿಲ್ಲದ ಕಾರಣ ಒಂದು ಸಂಸ್ಥೆಯ 'ಮಧ್ಯಮ' ಇನ್ನೊಂದರ 'ಗಡಸು'ವಿಗೆ ಸಮನಾಗಿರಬಹುದು.

### ತಲೆಯ ಆಕಾರ

ಹಳೆಯ ರಾಕೆಟ್‌ಗಳ ತಲೆ ಅಂಡಾಕಾರದ್ದು. ಇಂದು ಹೆಚ್ಚು ಮಾರಾಟವಾಗುವುದು ಮೇಲ್ಭಾಗ ಅಗಲವಾಗಿ, ಚೌಕಕ್ಕೆ ಸಮೀಪವಾಗಿರುವ 'ಐಸೋಮೆಟ್ರಿಕ್' ಆಕಾರ. ಇದರಲ್ಲಿ ಶಟಲ್ ಚೆನ್ನಾಗಿ ಪುಟಿಯುವ ಭಾಗವಾದ 'ಸ್ವೀಟ್ ಸ್ಪಾಟ್' ವಿಸ್ತಾರವಾಗಿರುವುದರಿಂದ ನಡುವೆ ತಗುಲದ ಹೊಡೆತಗಳೂ ಸ್ವಲ್ಪ ಮಟ್ಟಿಗೆ ಉಳಿಯುತ್ತವೆ. ಕಲಿಯುವವರಿಗೂ ಎರಡೂ ವಿಭಾಗಗಳಲ್ಲಿ ಆಡುವವರಿಗೂ ಈ ಆಕಾರ ಅನುಕೂಲಕರ.

### ಹಿಡಿಕೆ

ಹಿಡಿಕೆಯ ಸುತ್ತಳತೆಯನ್ನು 'ಜಿ' ಸಂಕೇತದಿಂದ ಸೂಚಿಸುತ್ತಾರೆ. ಯೋನೆಕ್ಸ್ ಕ್ರಮದಲ್ಲಿ ಅಂಕಿ ಹೆಚ್ಚಾದಂತೆ ಹಿಡಿಕೆ ತೆಳ್ಳಗಾಗುತ್ತದೆ. ಜಿ5 ಹಿಡಿಕೆ ಜಿ4ಕ್ಕಿಂತ ತೆಳು. ಡಬಲ್ಸ್‌ನಲ್ಲಿ ಮುಂಗೈ ಮತ್ತು ಹಿಂಗೈ ಹಿಡಿತಗಳ ನಡುವೆ ಕ್ಷಣಕ್ಷಣಕ್ಕೂ ಬದಲಾಯಿಸಬೇಕಾಗುವುದರಿಂದ ಬೆರಳುಗಳು ಸಲೀಸಾಗಿ ಆಡುವಂತಿರಬೇಕು. ಸ್ವಲ್ಪ ತೆಳುವಾದ ಹಿಡಿಕೆ ಕೊಂಡು ಓವರ್‌ಗ್ರಿಪ್‌ನಿಂದ ದಪ್ಪ ಮಾಡಿಕೊಳ್ಳಬಹುದು. ದಪ್ಪ ಹಿಡಿಕೆಯನ್ನು ತೆಳುವಾಗಿಸುವುದು ಕಷ್ಟ. ಅಂಗೈ ಹೆಚ್ಚು ಬೆವರುವವರು ಟವೆಲ್ ಗ್ರಿಪ್ ಬಳಸುತ್ತಾರೆ. ಅದು ಬೆವರನ್ನು ಹೀರುತ್ತದೆ, ಆದರೆ ಬೇಗ ಕೊಳೆಯಾಗುತ್ತದೆ.

### ತಂತಿ ಮತ್ತು ಬಿಗಿ

ತಂತಿಯ ದಪ್ಪ ಸಾಮಾನ್ಯವಾಗಿ 0.65ರಿಂದ 0.70 ಮಿಲಿಮೀಟರ್ ಇರುತ್ತದೆ. ತೆಳು ತಂತಿ ಹೆಚ್ಚು ಪುಟಿಯುತ್ತದೆ ಮತ್ತು ಬೇಗ ಹರಿಯುತ್ತದೆ. ದಪ್ಪ ತಂತಿ ಬಾಳಿಕೆ ಬರುತ್ತದೆ. ಬಿಗಿಯನ್ನು ಪೌಂಡ್‌ಗಳಲ್ಲಿ ಹೇಳುವುದು ರೂಢಿ. ಹೊಸಬರಿಗೆ 20ರಿಂದ 23 ಪೌಂಡ್, ಮಧ್ಯಮ ಮಟ್ಟದವರಿಗೆ 24ರಿಂದ 26 ಪೌಂಡ್ ಸಾಮಾನ್ಯ ಸಲಹೆ. ವೃತ್ತಿಪರರು 28 ಪೌಂಡ್‌ಗಿಂತ ಹೆಚ್ಚು ಬಿಗಿಯಲ್ಲಿ ಆಡುವುದುಂಟು.

ಹೆಚ್ಚು ಬಿಗಿಯಾದ ತಂತಿ ಹೆಚ್ಚು ಬಲ ಕೊಡುತ್ತದೆ ಎಂಬ ನಂಬಿಕೆ ಸರಿಯಲ್ಲ. ಬಿಗಿ ಹೆಚ್ಚಾದಂತೆ ತಂತಿ ಕಡಿಮೆ ಪುಟಿಯುತ್ತದೆ, ಸ್ವೀಟ್ ಸ್ಪಾಟ್ ಕಿರಿದಾಗುತ್ತದೆ. ಆಗ ದೊರೆಯುವುದು ನಿಯಂತ್ರಣ. ಬಲವನ್ನು ಆಟಗಾರರೇ ತುಂಬಬೇಕು. ಪ್ರತಿ ಚೌಕಟ್ಟಿಗೂ ತಯಾರಕರು ಗರಿಷ್ಠ ಬಿಗಿಯನ್ನು ನಿಗದಿಪಡಿಸಿರುತ್ತಾರೆ. ಅದನ್ನು ಮೀರಿ ಗಟ್ಟಿಂಗ್ ಮಾಡಿಸಿದರೆ ಚೌಕಟ್ಟು ಬಿರುಕು ಬಿಡುವ ಅಪಾಯವಿದೆ.

## ಎರಡೂ ವಿಭಾಗಗಳಿಗೆ ಒಂದೇ ರಾಕೆಟ್

ಎರಡೂ ವಿಭಾಗಗಳಲ್ಲಿ ಆಡುವ ಮಧ್ಯಮ ಮಟ್ಟದ ವಯಸ್ಕ ಆಟಗಾರರಿಗೆ ಹೊಂದುವ ಗುಣಗಳನ್ನು ಹೀಗೆ ಸಂಗ್ರಹಿಸಬಹುದು.

- ತೂಕ: 4ಯು, ಬಲಿಷ್ಠರಿಗೆ 3ಯು
- ಸಮತೋಲನ: ಸಮತೂಕ, ಅಥವಾ ಅತ್ಯಲ್ಪ ತಲೆಭಾರ
- ಶಾಫ್ಟ್: ಮಧ್ಯಮ ಗಡಸುತನ
- ತಲೆ: ಐಸೋಮೆಟ್ರಿಕ್ ಆಕಾರ
- ಹಿಡಿಕೆ: ಜಿ5, ಅಗತ್ಯವಿದ್ದರೆ ಒಂದು ಓವರ್‌ಗ್ರಿಪ್
- ತಂತಿ: 0.68ರಿಂದ 0.70 ಮಿಲಿಮೀಟರ್ ದಪ್ಪ, 23ರಿಂದ 25 ಪೌಂಡ್ ಬಿಗಿ

ಮಧ್ಯಮ ರಾಕೆಟ್ ಯಾವ ವಿಭಾಗದಲ್ಲಿಯೂ ಅತಿಶಯವಾದ ಲಾಭ ಕೊಡುವುದಿಲ್ಲ. ಅದರ ಪ್ರಯೋಜನವೆಂದರೆ ಯಾವ ಹೊಡೆತವನ್ನೂ ಕೈಬಿಡಬೇಕಾಗುವುದಿಲ್ಲ. ತೀರಾ ತಲೆಭಾರದ ರಾಕೆಟ್ ಹಿಡಿದು ಡಬಲ್ಸ್ ಆಡುವವರು ತಮ್ಮ ದೇಹದತ್ತ ಬರುವ ಎರಡನೆಯ, ಮೂರನೆಯ ಸ್ಮ್ಯಾಷ್‌ಗೆ ತಡವಾಗುತ್ತಾರೆ. ತೀರಾ ಹಗುರವಾದುದನ್ನು ಹಿಡಿದು ಸಿಂಗಲ್ಸ್ ಆಡುವವರು ಹಿಂಬದಿಯಿಂದ ಹಿಂಬದಿಗೆ ಕ್ಲಿಯರ್ ಮಾಡಲು ಪ್ರತಿ ಬಾರಿಯೂ ಅಧಿಕ ಶ್ರಮ ಹಾಕಬೇಕಾಗುತ್ತದೆ.

ಒಂದೇ ರಾಕೆಟ್ ಅನ್ನು ಎರಡು ವಿಭಾಗಗಳಿಗೆ ಹೊಂದಿಸುವ ಸುಲಭ ಉಪಾಯ ಕೈಯ ಸ್ಥಾನವನ್ನು ಬದಲಿಸುವುದು. ಡಬಲ್ಸ್‌ನಲ್ಲಿ ಸರ್ವ್ ಮಾಡುವಾಗ, ನೆಟ್ ಬಳಿ ನಿಂತಾಗ ಅಥವಾ ಸ್ಮ್ಯಾಷ್ ತಡೆಯುವಾಗ ಹಿಡಿಕೆಯ ಮೇಲೆ ಕೈಯನ್ನು ಎರಡು ಮೂರು ಸೆಂಟಿಮೀಟರ್ ಮುಂದಕ್ಕೆ ಸರಿಸಿ ಹಿಡಿದರೆ, ಕೈಯಿಂದ ತಲೆಭಾಗಕ್ಕಿರುವ ದೂರ ಕಡಿಮೆಯಾಗಿ ಬೀಸುಭಾರವೂ ನಿಜವಾಗಿಯೇ ತಗ್ಗುತ್ತದೆ. ಸಿಂಗಲ್ಸ್‌ನಲ್ಲಿ ಅಥವಾ ಹಿಂಬದಿಯಿಂದ ಹೊಡೆಯುವಾಗ ಹಿಡಿಕೆಯ ತುದಿಯ ಬಳಿ ಹಿಡಿದರೆ ಪೂರ್ಣ ಉದ್ದದ ಲಾಭ ಸಿಗುತ್ತದೆ. ಅನುಭವಿ ಆಟಗಾರರು ಒಂದೇ ರ‍್ಯಾಲಿಯಲ್ಲಿ ಹಲವು ಬಾರಿ ಹೀಗೆ ಹಿಡಿತ ಬದಲಿಸುತ್ತಾರೆ.

ಎರಡು ರಾಕೆಟ್ ಕೊಳ್ಳುವ ಅನುಕೂಲವಿರುವವರು ಸಿಂಗಲ್ಸ್‌ಗೊಂದು, ಡಬಲ್ಸ್‌ಗೊಂದು ಎಂದು ಭಿನ್ನ ಮಾದರಿಗಳನ್ನು ಕೊಳ್ಳಬಹುದು. ಆದರೆ ಹೊಡೆತದ ಸಮಯಪ್ರಜ್ಞೆ ಒಂದು ರಾಕೆಟ್‌ಗೆ ಒಗ್ಗಿಕೊಂಡಿರುವುದರಿಂದ, ಎಲ್ಲ ಗುಣಗಳಲ್ಲಿಯೂ ಒಂದೇ ತೆರನಾದ ಎರಡು ರಾಕೆಟ್‌ಗಳನ್ನು ಇಟ್ಟುಕೊಳ್ಳುವುದು ಬಹುಪಾಲು ವಿದ್ಯಾರ್ಥಿ ಆಟಗಾರರಿಗೆ ಹೆಚ್ಚು ಉಪಯುಕ್ತ. ಪಂದ್ಯದ ನಡುವೆ ತಂತಿ ಹರಿದರೆ ಅದೇ ಅನುಭವ ನೀಡುವ ಇನ್ನೊಂದು ಕೈಗೆ ಸಿಗುತ್ತದೆ.

## ತಪ್ಪು ಕಲ್ಪನೆಗಳು

ತಲೆಭಾರದ ರಾಕೆಟ್‌ನಿಂದ ಮಾತ್ರ ವೇಗದ ಸ್ಮ್ಯಾಷ್ ಸಾಧ್ಯ. 2023ರ ಏಪ್ರಿಲ್ 14ರಂದು ಜಪಾನಿನಲ್ಲಿ ನಡೆದ ಪ್ರಯೋಗದಲ್ಲಿ ಭಾರತದ ಡಬಲ್ಸ್ ಆಟಗಾರ ಸಾತ್ವಿಕ್ ಸಾಯಿರಾಜ್ ರಂಕಿರೆಡ್ಡಿ ಗಂಟೆಗೆ 565 ಕಿಲೋಮೀಟರ್ ವೇಗದ ಸ್ಮ್ಯಾಷ್ ಹೊಡೆದು ಗಿನ್ನೆಸ್ ದಾಖಲೆ ಸ್ಥಾಪಿಸಿದರು. ಅಂದು ಅವರು ಬಳಸಿದ್ದು ತಲೆಹಗುರದ ಸರಣಿಗೆ ಸೇರಿದ ನ್ಯಾನೋಫ್ಲೇರ್ 1000 ಝಡ್. ಅದೇ ಸಂದರ್ಭದಲ್ಲಿ ಮಲೇಷ್ಯಾದ ಟಾನ್ ಪರ್ಲಿ ಮಹಿಳೆಯರ ವಿಭಾಗದಲ್ಲಿ ಗಂಟೆಗೆ 438 ಕಿಲೋಮೀಟರ್ ವೇಗ ದಾಖಲಿಸಿದರು. ಸ್ಮ್ಯಾಷ್‌ನ ವೇಗ ರಾಕೆಟ್‌ನ ತಲೆ ಎಷ್ಟು ವೇಗವಾಗಿ ಚಲಿಸುತ್ತದೆ ಎಂಬುದನ್ನು ಬಹಳವಾಗಿ ಅವಲಂಬಿಸಿದೆ. ಭಾರದ ತಲೆಯನ್ನು ನಿಧಾನವಾಗಿ ಬೀಸುವುದರಿಂದ ಆಗುವ ಲಾಭ ಅಲ್ಪ.

ಹೆಸರಿನಲ್ಲಿರುವ 'ಎಸ್' ಸಿಂಗಲ್ಸ್, 'ಡಿ' ಡಬಲ್ಸ್. ಯೋನೆಕ್ಸ್‌ನ ಆಸ್ಟ್ರಾಕ್ಸ್ 88 ಎಸ್ ಮತ್ತು ಆಸ್ಟ್ರಾಕ್ಸ್ 88 ಡಿ ಮಾದರಿಗಳ ಬಗ್ಗೆ ಇಂಥ ಊಹೆ ಸಹಜ. ವಾಸ್ತವದಲ್ಲಿ ಎರಡನ್ನೂ ಡಬಲ್ಸ್ ಆಟವನ್ನು ಗಮನದಲ್ಲಿಟ್ಟು ರೂಪಿಸಲಾಗಿದೆ. 'ಎಸ್' ಎಂಬುದು ಕೌಶಲವನ್ನು ಸೂಚಿಸುವ 'ಸ್ಕಿಲ್' ಪದದಿಂದ ಬಂದಿದ್ದು, ಮುಂಭಾಗದ ಆಟಗಾರರಿಗೆ ಉದ್ದೇಶಿತ. 'ಡಿ' ಎಂಬುದು ಮೇಲುಗೈಯನ್ನು ಸೂಚಿಸುವ 'ಡಾಮಿನೇಟ್' ಪದದಿಂದ ಬಂದಿದ್ದು, ಹಿಂಭಾಗದಿಂದ ಆಕ್ರಮಣ ಮಾಡುವವರಿಗೆ ಉದ್ದೇಶಿತ.

ಚಾಂಪಿಯನ್ನರ ರಾಕೆಟ್ ಎಲ್ಲರಿಗೂ ಒಳ್ಳೆಯದು. ಟೋಕಿಯೊ ಮತ್ತು ಪ್ಯಾರಿಸ್ ಒಲಿಂಪಿಕ್ಸ್‌ಗಳಲ್ಲಿ ಪುರುಷರ ಸಿಂಗಲ್ಸ್ ಚಿನ್ನ ಗೆದ್ದ ಡೆನ್ಮಾರ್ಕಿನ ವಿಕ್ಟರ್ ಆಕ್ಸೆಲ್ಸೆನ್ ಬಳಸುತ್ತಿದ್ದ ಆಸ್ಟ್ರಾಕ್ಸ್ 100 ಝಡ್‌ಝಡ್ ಅತಿ ಗಡಸಾದ ಶಾಫ್ಟ್‌ನ, ತಲೆಭಾರದ ರಾಕೆಟ್. 1.94 ಮೀಟರ್ ಎತ್ತರದ, ದಿನವೂ ಗಂಟೆಗಟ್ಟಲೆ ಅಭ್ಯಾಸ ಮಾಡುವ ಆಟಗಾರರಿಗೆ ನೆರವಾಗುವ ಗುಣಗಳು ವಾರಕ್ಕೆ ಎರಡು ದಿನ ಆಡುವವರಿಗೆ ತೊಡಕಾಗುತ್ತವೆ.

ಬೆಲೆ ಹೆಚ್ಚಿದಷ್ಟೂ ಉತ್ತಮ. ದುಬಾರಿ ಮಾದರಿಗಳಲ್ಲಿ ಹಲವು ಗಡಸು ಶಾಫ್ಟ್‌ನವು. ಕಲಿಯುವ ಹಂತದಲ್ಲಿ ಮಧ್ಯಮ ಬೆಲೆಯ ಕಾರ್ಬನ್ ರಾಕೆಟ್ ಮತ್ತು ಒಳ್ಳೆಯ ಗಟ್ಟಿಂಗ್‌ಗೆ ಹಣ ಹೂಡುವುದು ಹೆಚ್ಚು ಫಲ ನೀಡುತ್ತದೆ.

## ಕೊಳ್ಳುವ ಮುನ್ನ ಪರೀಕ್ಷೆ

ಸಾಧ್ಯವಾದರೆ ಸಹ ಆಟಗಾರರ ರಾಕೆಟ್ ಅನ್ನು ಎರವಲು ಪಡೆದು ಅಂಕಣದಲ್ಲಿ ಆಡಿ ನೋಡುವುದು ಒಳ್ಳೆಯದು. ಎರಡು ಬಗೆಯ ಪರೀಕ್ಷೆ ಸಾಕಾಗುತ್ತದೆ. ಮೊದಲನೆಯದು, ಹಿಂಬದಿ ಗೆರೆಯಿಂದ ಸತತವಾಗಿ ಇಪ್ಪತ್ತು ಕ್ಲಿಯರ್‌ಗಳನ್ನು ಹೊಡೆಯುವುದು. ಕೊನೆಯ ಐದು ಹೊಡೆತಗಳು ಮೊದಲ ಐದರಷ್ಟೇ ದೂರ ಹೋಗದಿದ್ದರೆ ರಾಕೆಟ್ ಭಾರವಾಗಿದೆ ಅಥವಾ ಗಡಸಾಗಿದೆ ಎಂದು ತಿಳಿಯಬಹುದು. ಎರಡನೆಯದು, ಜೊತೆಗಾರರೊಂದಿಗೆ ಅಂಕಣದ ನಡುವೆ ನಿಂತು ವೇಗವಾಗಿ ಡ್ರೈವ್‌ಗಳನ್ನು ಹೊಡೆಯುವುದು. ಶಟಲ್ ಪದೇ ಪದೇ ದೇಹಕ್ಕೆ ತೀರಾ ಸಮೀಪ ಬಂದ ಮೇಲೆ ರಾಕೆಟ್‌ಗೆ ತಗುಲುತ್ತಿದ್ದರೆ ಬೀಸುಭಾರ ಹೆಚ್ಚಾಗಿದೆ ಎಂದರ್ಥ. ಮೊದಲ ಪರೀಕ್ಷೆ ಸಿಂಗಲ್ಸ್‌ನ ಬೇಡಿಕೆಯನ್ನೂ ಎರಡನೆಯದು ಡಬಲ್ಸ್‌ನ ಬೇಡಿಕೆಯನ್ನೂ ಪ್ರತಿನಿಧಿಸುತ್ತವೆ. ಎರಡರಲ್ಲಿಯೂ ತೃಪ್ತಿಕರವಾದ ರಾಕೆಟ್ ಆರಿಸಬೇಕು.

ಅಂಗಡಿಯಲ್ಲಿ ಚೌಕಟ್ಟನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಶಾಫ್ಟ್ ನೇರವಾಗಿದೆಯೇ, ತಂತಿ ಹಾಯುವ ರಂಧ್ರಗಳ ಪ್ಲಾಸ್ಟಿಕ್ ಗ್ರೊಮೆಟ್‌ಗಳು ಸರಿಯಾಗಿವೆಯೇ ಎಂದು ನೋಡಬೇಕು. ಪ್ರಸಿದ್ಧ ಮಾದರಿಗಳ ನಕಲುಗಳು ಚಲಾವಣೆಯಲ್ಲಿರುವುದರಿಂದ ತೂಕ ಹಾಗೂ ಹಿಡಿಕೆಯ ಸಂಕೇತಗಳು, ಸರಣಿ ಸಂಖ್ಯೆ ಮತ್ತು ಅಧಿಕೃತ ಮಾರಾಟಗಾರರ ರಸೀದಿಯನ್ನು ಪರಿಶೀಲಿಸುವುದು ಅಗತ್ಯ. ಬಾಲ್ ಬ್ಯಾಡ್ಮಿಂಟನ್ ಆಟಕ್ಕಾಗಿ ಮಾರುವ ರಾಕೆಟ್ ಇದಕ್ಕಿಂತ ಭಿನ್ನ. ಉಣ್ಣೆಯ ಚೆಂಡು ಶಟಲ್‌ಗಿಂತ ಭಾರವಾದ್ದರಿಂದ ಆ ರಾಕೆಟ್ ಕೂಡ ಬಹಳ ಭಾರವಾಗಿರುತ್ತದೆ. ಅದನ್ನು ಶಟಲ್ ಆಟಕ್ಕೆ ಬಳಸಬಾರದು.

## ದೇಹದ ಮೇಲಿನ ಪರಿಣಾಮ

ಶಟಲ್‌ನ ತೂಕ ಕೇವಲ 4.74ರಿಂದ 5.50 ಗ್ರಾಂ. ಆದ್ದರಿಂದ ಕೈಗೆ ಬೀಳುವ ಹೊರೆ ಬಹುಪಾಲು ರಾಕೆಟ್ ಅನ್ನು ವೇಗಗೊಳಿಸುವ ಮತ್ತು ತಡೆದು ನಿಲ್ಲಿಸುವ ಶ್ರಮದಿಂದ ಬರುತ್ತದೆ. ದೇಹಬಲಕ್ಕೆ ಮೀರಿದ ತಲೆಭಾರ, ಅತಿಯಾದ ಗಡಸುತನ ಮತ್ತು ಅತಿ ಬಿಗಿಯಾದ ತಂತಿ ಒಟ್ಟುಗೂಡಿದಾಗ ಭುಜ, ಮೊಣಕೈ ಮತ್ತು ಮಣಿಕಟ್ಟಿನ ಮೇಲೆ ಒತ್ತಡ ಹೆಚ್ಚುತ್ತದೆ. ಮೊಣಕೈಯ ಹೊರಬದಿಯಲ್ಲಿ ಕಾಣಿಸಿಕೊಳ್ಳುವ 'ಟೆನಿಸ್ ಎಲ್ಬೋ' ನೋವು ಬ್ಯಾಡ್ಮಿಂಟನ್ ಆಟಗಾರರನ್ನೂ ಬಾಧಿಸುತ್ತದೆ. ಕೈಗೆ ಹೊಂದದ ಹಿಡಿಕೆಯನ್ನು ಸದಾ ಬಿಗಿಯಾಗಿ ಹಿಡಿಯುವುದರಿಂದಲೂ ಮುಂಗೈಯ ಸ್ನಾಯುಗಳು ದಣಿಯುತ್ತವೆ. ಹೊಸ ರಾಕೆಟ್ ಬಳಸತೊಡಗಿದ ಮೇಲೆ ನೋವು ಕಾಣಿಸಿಕೊಂಡರೆ ಬಿಗಿಯನ್ನು ಎರಡು ಪೌಂಡ್ ತಗ್ಗಿಸುವುದು, ಹಿಡಿಕೆಯ ದಪ್ಪವನ್ನು ಬದಲಿಸುವುದು ಹಾಗೂ ಹಗುರ ರಾಕೆಟ್‌ಗೆ ಮರಳುವುದು ಪ್ರಾಥಮಿಕ ಕ್ರಮಗಳು. ನೋವು ಮುಂದುವರಿದರೆ ಆಟ ನಿಲ್ಲಿಸಿ ವೈದ್ಯರನ್ನು ಕಾಣಬೇಕು.

## ಬಾಳಿಕೆ ಮತ್ತು ಪಾಲನೆ

ಡಬಲ್ಸ್‌ನಲ್ಲಿ ಜೊತೆಗಾರರ ರಾಕೆಟ್‌ಗಳು ಪರಸ್ಪರ ಬಡಿಯುವುದು ಸಾಮಾನ್ಯ. ಕಾರ್ಬನ್ ಚೌಕಟ್ಟು ಬೀಸುವ ಬಲವನ್ನು ತಾಳುತ್ತದೆ, ಪಕ್ಕದಿಂದ ಬೀಳುವ ಪೆಟ್ಟನ್ನು ತಾಳುವುದು ಕಡಿಮೆ. ಹೆಚ್ಚಾಗಿ ಡಬಲ್ಸ್ ಆಡುವವರು ಅತಿ ದುಬಾರಿ ರಾಕೆಟ್‌ಗಳ ಕುರಿತು ಯೋಚಿಸುವಾಗ ಈ ಅಪಾಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬಡಿತದ ನಂತರ ಬಣ್ಣ ಎದ್ದ ಜಾಗದಲ್ಲಿ ಉಗುರಿನಿಂದ ಸವರಿದಾಗ ಗೀರು ಸಿಕ್ಕಿಕೊಂಡರೆ ಬಿರುಕಿನ ಶಂಕೆ ಇರುತ್ತದೆ. ಅಂಥ ಚೌಕಟ್ಟಿಗೆ ಹೆಚ್ಚಿನ ಬಿಗಿಯಲ್ಲಿ ತಂತಿ ಹಾಕಿಸಬಾರದು.

ಒಂದು ಎಳೆ ಹರಿದೊಡನೆ ಚೌಕಟ್ಟಿನ ಮೇಲಿನ ಒತ್ತಡ ಅಸಮವಾಗುತ್ತದೆ. ಉಳಿದ ತಂತಿಗಳನ್ನು ನಡುವಿನಿಂದ ಹೊರಕ್ಕೆ ಕತ್ತರಿಸಿ ತೆಗೆದರೆ ಚೌಕಟ್ಟು ಸೊಟ್ಟಗಾಗುವುದನ್ನು ತಪ್ಪಿಸಬಹುದು. ಹರಿಯದಿದ್ದರೂ ತಂತಿ ದಿನಕಳೆದಂತೆ ಬಿಗಿ ಕಳೆದುಕೊಳ್ಳುತ್ತದೆ. ಬಿಸಿಲಿನಲ್ಲಿ ನಿಲ್ಲಿಸಿದ ವಾಹನದೊಳಗೆ ರಾಕೆಟ್ ಬಿಡಬಾರದು. ಬೆವರಿನಿಂದ ನೆನೆದ ಗ್ರಿಪ್ ಅನ್ನು ಒಣಗಿಸಿದ ನಂತರವೇ ಕವರ್‌ನೊಳಗೆ ಇಡಬೇಕು.

## ಕರ್ನಾಟಕದ ಆಟಗಾರರು

ಸಿಂಗಲ್ಸ್ ಎಂದರೆ ಬಲ, ಡಬಲ್ಸ್ ಎಂದರೆ ನಯ ಎಂಬ ಸರಳ ವಿಂಗಡಣೆ ಸಲ್ಲದು ಎಂಬುದಕ್ಕೆ ಕರ್ನಾಟಕದ ಇಬ್ಬರು ಆಟಗಾರರು ನಿದರ್ಶನ. ಬೆಂಗಳೂರಿನ ಪ್ರಕಾಶ್ ಪಡುಕೋಣೆ 1980ರಲ್ಲಿ ಇಂಡೋನೇಷ್ಯಾದ ಲಿಮ್ ಸ್ವೀ ಕಿಂಗ್ ಅವರನ್ನು ಸೋಲಿಸಿ ಆಲ್ ಇಂಗ್ಲೆಂಡ್ ಸಿಂಗಲ್ಸ್ ಪ್ರಶಸ್ತಿ ಗೆದ್ದ ಮೊದಲ ಭಾರತೀಯರಾದರು. ಅವರ ಆಟ ಹೆಸರಾದದ್ದು ಮಣಿಕಟ್ಟಿನ ನಯ, ನಿಖರತೆ ಮತ್ತು ವಂಚನೆಯ ಹೊಡೆತಗಳಿಗೆ. ಕೊಡಗು ಮೂಲದ ಅಶ್ವಿನಿ ಪೊನ್ನಪ್ಪ ಡಬಲ್ಸ್ ಆಟಗಾರ್ತಿ. ಜ್ವಾಲಾ ಗುಟ್ಟಾ ಅವರೊಂದಿಗೆ 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನ ಹಾಗೂ 2011ರ ಲಂಡನ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಗೆದ್ದ ಅವರು ಹಿಂಬದಿಯಿಂದ ಹೊಡೆಯುವ ಪ್ರಬಲ ಸ್ಮ್ಯಾಷ್‌ಗೆ ಪ್ರಸಿದ್ಧರು.

1994ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರಕಾಶ್ ಪಡುಕೋಣೆ ಬ್ಯಾಡ್ಮಿಂಟನ್ ಅಕಾಡೆಮಿ ದೇಶದ ಪ್ರಮುಖ ತರಬೇತಿ ಕೇಂದ್ರಗಳಲ್ಲಿ ಒಂದು. ರಾಜ್ಯದ ನಗರಗಳಲ್ಲಿ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ದೊರೆಯುವ ಒಳಾಂಗಣ ಅಂಕಣಗಳಲ್ಲಿ ನಾಲ್ವರು ಸೇರಿ ಡಬಲ್ಸ್ ಆಡುವುದು ಹೆಚ್ಚು ರೂಢಿಯಲ್ಲಿದೆ. ಇಂಥ ಕಡೆ ಆಡುತ್ತಲೇ ಸಿಂಗಲ್ಸ್ ಸ್ಪರ್ಧೆಗಳಲ್ಲಿಯೂ ಭಾಗವಹಿಸುವ ವಿದ್ಯಾರ್ಥಿಗಳಿಗೆ ಸಮತೂಕದ, ಮಧ್ಯಮ ಗಡಸುತನದ ರಾಕೆಟ್ ಉಪಯುಕ್ತವಾಗುತ್ತದೆ.